ಬಿದ್ರಿ ಹೂಜಿ ತಿರುಗಿಸೋಕೆ ಜಿಫ್, ಎಪಿಎನ್‌ಜಿ, ವೆಬ್‌ಪಿ

ಜಿಫ್, ಎಪಿಎನ್‌ಜಿ, ವೆಬ್‌ಪಿ ಮೂರೂ ಚಲಿಸುವ ಚಿತ್ರ ಇಡೋಕೆ ಬರುವ ಫೈಲಿನ ಬಗೆಗಳು. ನಾನು ಆರುನೂರು ರೂಪಾಯಿ ಕೊಟ್ಟು ಜಿಫ್ ಮಾಡಿಸಿದೆ. ವೆಬ್‌ಪಿ ಆಗಿದ್ದರೆ ಮನೆಯಲ್ಲೇ ಪುಕ್ಕಟೆ ಆಗುತ್ತಿತ್ತು.

ಬೀದರ್‌ನಲ್ಲಿ ನಮ್ಮ ಕಾಕಾರದ್ದು ಬಿದ್ರಿ ಸಾಮಾನಿನ ಅಂಗಡಿ. ಬಿಳಿ ಬಟ್ಟೆ ಮುಂದೆ ಹೂಜಿ ಇಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸಿ 24 ಫೋಟೊ ತೆಗೆದೆ. ವೆಬ್‌ಸೈಟಿನ ಕಡುಗೆಂಪು ಪುಟದಲ್ಲಿ ಹೂಜಿ ಮಾತ್ರ ತಿರುಗಬೇಕಿತ್ತು. ತಿರುಗಿತು, ಆದರೆ ಸುತ್ತಲೂ ಬಿಳಿ ಗೆರೆ. ಕಾಕಾ ನೋಡಿ, "ಇದೇನೋ, ಹೂಜಿಗಿ ಹಿಟ್ಟು ಬಡದಂಗ ಕಾಣ್ತದಲ್ಲ" ಅಂದರು.

ಜಿಫ್‌ನಲ್ಲಿ ಚಿತ್ರದ ಒಂದು ಚುಕ್ಕಿ (ಪಿಕ್ಸೆಲ್) ಪೂರ್ತಿ ಕಾಣಬೇಕು, ಇಲ್ಲ ಪೂರ್ತಿ ಮಾಯವಾಗಬೇಕು. ಅರೆಬರೆ ನಡೆಯಲ್ಲ. ಹೂಜಿಯ ದುಂಡು ಅಂಚಿನ ಚುಕ್ಕಿಗಳಲ್ಲಿ ಲೋಹದ ಕಪ್ಪೂ ಬಟ್ಟೆಯ ಬಿಳಿಯೂ ಬೆರೆತಿರುತ್ತವೆ. ಅವು ಹಾಗೇ ಉಳಿದುಬಿಟ್ಟವು. ಅಂಚಿಗೆ ಪುಟದ ಕೆಂಪನ್ನೇ ಬೆರೆಸಿ ಮತ್ತೆ ಮಾಡಿಸಿದೆ, ಸರಿಹೋಯಿತು. ದೀಪಾವಳಿಗೆ ಕಾಕಾ ಪುಟದ ಬಣ್ಣ ಬದಲಿಸಿದರು. ಈಗ ಕೆಂಪು ಗೆರೆ!

ಮೇಲಾಗಿ ಒಂದು ಫ್ರೇಮಿಗೆ, ಅಂದರೆ ಒಂದೊಂದು ಚಿತ್ರಕ್ಕೆ, 256 ಬಣ್ಣ ಅಷ್ಟೇ, ಜಿಫ್ ಹುಟ್ಟಿದ 1987ರ ಲೆಕ್ಕ ಅದು. ಬಿದ್ರಿಯ ಕಪ್ಪಿಗೆ ಸಾಲುತ್ತಾ? ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಉಜ್ಜಿದರೆ ಸತು-ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಬೆಳಕು ಬಿದ್ದ ಕಡೆ ಆ ಕಪ್ಪು ಮೆಲ್ಲಗೆ ತಿಳಿಯಾಗುತ್ತಾ ಹೋಗುತ್ತದೆ. ಜಿಫ್‌ನಲ್ಲಿ ಅಲ್ಲೆಲ್ಲ ಧೂಳು ಕೂತ ಹಾಗೆ ಕಾಳು ಕಾಳು. ಈ ಕಾಳು ಜಾಸ್ತಿಯಾದರೆ ಫೈಲೂ ಊದಿಕೊಳ್ಳುತ್ತದೆ. ಒಂದೇ ಥರದ ಚುಕ್ಕಿಸಾಲು ಮತ್ತೆ ಮತ್ತೆ ಬಂದರಷ್ಟೇ ಜಿಫ್ ಚೆನ್ನಾಗಿ ಕುಗ್ಗೋದು.

ಎಪಿಎನ್‌ಜಿ ನೋಡೋಕೆ ಚೆಂದ. ಅಂಚು ನುಣ್ಣಗೆ, ಬಣ್ಣಕ್ಕೆ ಬರವಿಲ್ಲ. ಚಲಿಸೋದು ಗೊತ್ತಿಲ್ಲದ ಹಳೆ ಸಾಫ್ಟ್‌ವೇರ್ ಕೂಡ ಮೊದಲ ಚಿತ್ರವನ್ನಾದರೂ ತೋರಿಸುತ್ತದೆ. ಆದರೆ ಒಂದು ಚುಕ್ಕಿಯನ್ನೂ ಬಿಟ್ಟುಕೊಡಲ್ಲ, ಹೂಜಿ ತಿರುಗಿದಾಗ ಪ್ರತಿ ಫ್ರೇಮೂ ಬೇರೆಯೇ. ಮೂರರಲ್ಲಿ ನನಗೆ ಇದೇ ಭಾರವಾಯಿತು. ಸಣ್ಣ ಲೋಗೊ ಕುಣಿಸೋಕಾದರೆ ಸರಿ.

ವೆಬ್‌ಪಿಯಲ್ಲೂ ಅಂಚು ಅಷ್ಟೇ ನುಣ್ಣಗೆ. ಕಣ್ಣಿಗೆ ಅಷ್ಟಾಗಿ ಕಾಣದ್ದನ್ನು ಕೈಬಿಡೋದರಿಂದ ಫೈಲು ಹಗುರ. ನಮ್ಮ ಗಿರಾಕಿಗಳು ನೋಡೋದೆಲ್ಲ ಮೊಬೈಲಿನಲ್ಲೇ, ಅವರ ಡೇಟಾ ಸುಮ್ನೆ ಯಾಕೆ ಸುಡಬೇಕು? ವಾಟ್ಸಾಪಿನ ಕುಣಿಯುವ ಸ್ಟಿಕರ್ರೂ ಇದೇ ಜಾತಿ. 512 ಚುಕ್ಕಿಯ ಚೌಕ, 500 ಕೆಬಿ ಒಳಗಿರಬೇಕು. ಅದೇ 24 ಫೋಟೊದಲ್ಲಿ ಕಾಕಾರಿಗೆ ಒಂದು ಸ್ಟಿಕರ್ರೂ ಆಯಿತು.

ಫ್ಲೆಕ್ಸ್ ಅಂಗಡಿಯಲ್ಲಿ ಮಾತ್ರ ವೆಬ್‌ಪಿ ನಡೆಯಲಿಲ್ಲ. "ಇದು ಓಪನ್ ಆಗವಲ್ದರೀ, ಜೆಪಿಜಿ ಕೊಡ್ರಿ" ಅಂದರು. ಅವರಿಗೆ ಅಂತಲೇ ಒಂದು ಫೋಟೊ ಬೇರೆ ಇಟ್ಟುಕೊಂಡಿದ್ದೇನೆ.