ಕೊಡಗಿನ ಕಕ್ಕಬೆ ಕಡೆಯ ಒಂದು ಹೋಂಸ್ಟೇ: ಊಟಕ್ಕೆ ಐದು ಸ್ಟಾರ್, ಹಜಾರದ ಗಾಜಿನ ಪೆಟ್ಟಿಗೆಗೆ ಸೊನ್ನೆ

ಹೆಸರು ಹಾಕುವುದಿಲ್ಲ, ಕೇಳಲೂಬೇಡಿ. ಮನೆಯವರು ಒಳ್ಳೆಯವರು, ಮಾಡಿದ ತಪ್ಪನ್ನು ಆಮೇಲೆ ಅವರೇ ಸರಿ ಮಾಡಿಕೊಂಡರು.

ಕಕ್ಕಡ ತಿಂಗಳ ಮಳೆ ನೋಡಬೇಕು ಅಂತ ಮೈಸೂರಿನಿಂದ ಅಕ್ಕ, ಭಾವ, ಇಬ್ಬರು ಮಕ್ಕಳು ಬಂದಿದ್ದರು. ಗೋಣಿಕೊಪ್ಪದ ನಮ್ಮ ಮನೆಯಿಂದ ತಡಿಯಂಡಮೋಳು ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋಗಿ ಎರಡು ರಾತ್ರಿ ಉಳಿದೆವು. ಬೆಟ್ಟ ಕಾಣಲೇ ಇಲ್ಲ, ಬರೀ ಮಂಜು. ಊಟ ಮಾತ್ರ ಅದ್ಭುತ. ಪಂದಿ ಕರಿಗೆ (ಹಂದಿ ಮಾಂಸದ್ದು) ಕಾಚಂಪುಳಿಯ ಹುಳಿ ಹದವಾಗಿ ಬಿದ್ದಿತ್ತು, ಕಡಂಬುಟ್ಟು (ಅಕ್ಕಿ ಕಡುಬು) ಬಿಸಿಬಿಸಿ ಬರ್ತಾನೇ ಇತ್ತು, ಕಳಲೆಯ ಬೈಂಬಳೆ ಕರಿಯನ್ನು ಭಾವ ಮೂರು ಸಲ ಹಾಕಿಸಿಕೊಂಡರು. ರೂಮಲ್ಲಿ ಸ್ವಲ್ಪ ಬೂಷ್ಟಿನ ವಾಸನೆ. ಆ ಮಳೆಯಲ್ಲಿ ಯಾರ ಮನೆಯಲ್ಲಿ ಇರಲ್ಲ ಹೇಳಿ? ಬಿಸಿನೀರು ಸೌದೆ ಒಲೆಯದ್ದು, ಬೆಳಗ್ಗೆ ಏಳರ ಒಳಗೆ ಸ್ನಾನ ಮುಗಿಸಿದರೆ ಒಳ್ಳೆಯದು.

ಈಗ ಪೆಟ್ಟಿಗೆ ವಿಷಯ. ಹಜಾರದಲ್ಲಿ ಟಿವಿ ಪಕ್ಕ ಒಂದು ಹಳೇ ಮೀನಿನ ತೊಟ್ಟಿ. ಮೇಲೆ ಹಲಗೆ, ಹಲಗೆ ಮೇಲೆ ಎರಡು ಇಟ್ಟಿಗೆ. ಒಳಗೆ ನಾಗರಹಾವು. ಅಕ್ಕನ ಚಿಕ್ಕ ಮಗ ಗಾಜನ್ನು ತಟ್ಟಿದ, ಅದು ಹೆಡೆ ಎತ್ತಿತು, ಅಕ್ಕ ಕಿರುಚಿದಳು. ಹತ್ತಿರ ಹೋಗಿ ನೋಡಿದರೆ ಗಾಜಿಗೆ ಉಜ್ಜಿ ಉಜ್ಜಿ ಅದರ ಮೂತಿ ಕೆಂಪಾಗಿತ್ತು. ನನಗೆ ಭಯಕ್ಕಿಂತ ಬೇಜಾರೇ ಜಾಸ್ತಿ ಆಯಿತು.

"ಏನಣ್ಣಾ ಇದು?" ಅಂತ ಮನೆ ಯಜಮಾನರನ್ನು ಕೇಳಿದೆ. ಸೌದೆ ಕೊಟ್ಟಿಗೆಯಲ್ಲಿ ಸಿಕ್ಕಿದ್ದಂತೆ. ಹಿಡಿಯಲು ಬಂದವನು "ಬೇಕಿದ್ದರೆ ಇಟ್ಟುಕೊಳ್ಳಿ, ಗೆಸ್ಟ್‌ಗಳಿಗೆ ಖುಷಿಯಾಗುತ್ತೆ, ಪರ್ಮಿಷನ್ ನಾನು ನೋಡ್ಕೋತೀನಿ" ಅಂದನಂತೆ. ಇವರು ನಂಬಿದ್ದಾರೆ. "ನಾವೇನು ಕೊಂದಿಲ್ಲವಲ್ಲ, ಕಪ್ಪೆ ಹಾಕಿ ಸಾಕ್ತಾ ಇದ್ದೀವಿ. ನಾಗರಪಂಚಮಿಗೆ ಹಾಲು ಎರೆದು ಪೂಜೆ ಮಾಡಿಸೋಣ ಅಂತಿದ್ದೇವೆ, ನೀವೂ ಬನ್ನಿ" ಅಂತ ನನ್ನನ್ನೇ ಕರೆದರು! ಹಾವು ಹಾಲು ಕುಡಿಯುವ ಪ್ರಾಣಿ ಅಲ್ಲ ಸ್ವಾಮಿ.

ಅಂಥ ಪರ್ಮಿಷನ್ ಅನ್ನುವುದೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಹಿಡಿಯುವುದೂ ಬೇಟೆಯೇ. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ, 2023ರ ಏಪ್ರಿಲ್ 1ರಿಂದ ನಾಗರಹಾವು, ಕಾಳಿಂಗ, ಕೊಳಕು ಮಂಡಲ, ಕೊನೆಗೆ ನಮ್ಮ ಪಾಪದ ಕೇರೆ ಹಾವು ಕೂಡ ಒಂದನೇ ಷೆಡ್ಯೂಲಿಗೆ ಬಂದಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಆನೆ ಬಂದು ತೋಟ ಪುಡಿ ಮಾಡಿದರೂ ಕೈ ಕಟ್ಟಿಕೊಂಡು ನಿಲ್ಲುವ ನಮಗೆ ಆ ಪಟ್ಟಿಯ ತೂಕ ಎಷ್ಟು ಅಂತ ಬೇರೆಯವರು ಹೇಳಬೇಕಾ? ಕಡಿಮೆ ಅಂದರೆ ಮೂರು ವರ್ಷ ಜೈಲು, ಏಳರವರೆಗೂ ಹೋಗಬಹುದು, ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧ ಅಲ್ಲ ಅಂತ ಕಾಯ್ದೆಯೇ ಹೇಳುತ್ತದೆ, ಆದರೆ ಮೀನಿನ ತೊಟ್ಟಿಗೆ ಆ ನೆಪ ನಡೆಯಲ್ಲ.

ಭಾವ ಮಧ್ಯೆ ಬಾಯಿ ಹಾಕಿದರು, ಅಮೆರಿಕದಲ್ಲಿ ಮನೆಯಲ್ಲೇ ಸಾಕ್ತಾರಲ್ಲ, ವಿಡಿಯೋ ನೋಡಿದ್ದೀನಿ ಅಂತ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಫ್ಲೋರಿಡಾದಲ್ಲಿ ವಿಷದ ಹಾವು ಇಟ್ಟುಕೊಳ್ಳಲು ಲೈಸೆನ್ಸ್ ಬೇಕು, ಅದು ಸಿಗಬೇಕಾದರೆ ಸಾವಿರ ಗಂಟೆಯ ಅನುಭವ ತೋರಿಸಬೇಕು. ಇಂಗ್ಲೆಂಡಿನಲ್ಲೂ ಊರಿನ ಕೌನ್ಸಿಲ್‌ನಿಂದ ಲೈಸೆನ್ಸ್ ತೆಗೆದುಕೊಳ್ಳಬೇಕು, ಅದಕ್ಕೆ ಅಂತಲೇ 1976ರ ಕಾಯ್ದೆ ಇದೆ. ನಮ್ಮ ಹಾವುಗಳಿಗೆ ಇಲ್ಲಿ ಅಂಥ ದಾರಿಯೇ ಇಲ್ಲ. ಪೇಟೆಯಲ್ಲಿ ಮಾರುವ ಬಾಲ್ ಪೈಥಾನ್ ಥರದ ವಿದೇಶಿ ಹಾವಿನ ಲೆಕ್ಕ ಬೇರೆ, ಅದನ್ನು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅದಕ್ಕೂ ಸೌದೆ ಕೊಟ್ಟಿಗೆಯ ನಾಗಪ್ಪನಿಗೂ ಸಂಬಂಧ ಇಲ್ಲ.

ಕಾನೂನು ಒಂದು ಕಡೆ ಇರಲಿ. ಎರಡು ಇಟ್ಟಿಗೆ ಜಾರಿದರೆ? ಮಡಿಕೇರಿಗೋ ವಿರಾಜಪೇಟೆಗೋ ಓಡಬೇಕು, ಅದೂ ಆ ಮಳೆಯಲ್ಲಿ, ರಸ್ತೆಗೆ ಯಾವಾಗ ಮರ ಬೀಳುತ್ತೋ ಗೊತ್ತಿಲ್ಲ. ಹಾವು ಹಿಡಿದುಕೊಟ್ಟ ಆ ಮಹಾನುಭಾವ ಮುಂದಿನ ಸಲ ಕಾಳಿಂಗದ ಮರಿ ತಂದುಕೊಡುತ್ತೇನೆ ಅಂತ ಬೇರೆ ಹೇಳಿದ್ದನಂತೆ! ನಮ್ಮ ಆಸ್ಪತ್ರೆಗಳಲ್ಲಿರುವ ವಿಷದ ಮದ್ದು ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಕಾಳಿಂಗಕ್ಕೆ ಇಲ್ಲ. (ನಮ್ಮ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಅಂತ 2024ರಲ್ಲಿ ವಿಜ್ಞಾನಿಗಳು ಹೇಳಿ, ಅದಕ್ಕೆ ಕಾಳಿಂಗ ಅನ್ನುವ ಕನ್ನಡ ಹೆಸರನ್ನೇ ಇಟ್ಟಿದ್ದಾರೆ. ಹೆಮ್ಮೆ ಪಡಿ, ತೊಟ್ಟಿಗೆ ಹಾಕಬೇಡಿ.)

ರಾತ್ರಿ ಊಟ ಆದ ಮೇಲೆ ಒಲೆ ಮುಂದೆ ಕೂತು ಇದನ್ನೆಲ್ಲ ನಿಧಾನಕ್ಕೆ ಹೇಳಿದೆ. ಜಗಳ ಆಗಬಹುದು ಅಂದುಕೊಂಡಿದ್ದೆ, ಆಗಲಿಲ್ಲ. ಅಣ್ಣನ ಮುಖ ಸಣ್ಣದಾಯಿತು. ಒಳಗಿಂದ ಅತ್ತಿಗೆ, "ನಾನು ಮೊದಲೇ ಬೇಡ ಅಂದಿರಲಿಲ್ವಾ?" ಅಂದರು. ಬೆಳಗ್ಗೆ ಅವರೇ ಅರಣ್ಯ ಇಲಾಖೆಗೆ ಫೋನ್ ಮಾಡಿದರು. ಮಧ್ಯಾಹ್ನ ಇಲಾಖೆಯವರು ಬಂದು, ಕೊಕ್ಕೆಯಲ್ಲಿ ಎತ್ತಿ ಬಟ್ಟೆ ಚೀಲಕ್ಕೆ ಇಳಿಸಿ, ಅಣ್ಣನ ಹೇಳಿಕೆ ಬರೆದುಕೊಂಡು ಹೋದರು. ಹಿಡಿದುಕೊಟ್ಟವನ ನಂಬರನ್ನೂ ತೆಗೆದುಕೊಂಡರು. ಅದು ನನಗೆ ಇಷ್ಟವಾಯಿತು.

ಒಟ್ಟು ಮೂರು ಸ್ಟಾರ್ ಕೊಡ್ತೀನಿ. ಫೋನ್ ಮಾಡದಿದ್ದರೆ ಒಂದೇ. ಮುಂದಿನ ಸಲ ಹೋದಾಗ ಆ ತೊಟ್ಟಿಯಲ್ಲಿ ಮೀನು ಕಂಡರೆ ನಾಲ್ಕು ಮಾಡುತ್ತೇನೆ, ಅಣ್ಣನಿಗೂ ಹಾಗೇ ಹೇಳಿ ಬಂದಿದ್ದೇನೆ. ಅಲ್ಲಿಗೆ ಹೋಗುವ ಕೊನೆಯ ಒಂದೂವರೆ ಕಿಲೋಮೀಟರ್ ಸಣ್ಣ ಕಾರಿಗೆ ಆಗಲ್ಲ, ಜೀಪ್ ಕಳಿಸಲು ಮೊದಲೇ ಹೇಳಿ. ಬೈಂಬಳೆ ಕರಿ ಬೇಕಿದ್ದರೂ ಹಿಂದಿನ ದಿನವೇ ಹೇಳಬೇಕು, ಕಳಲೆ ಹೆಚ್ಚಿ ನೀರಲ್ಲಿ ನೆನೆಹಾಕಬೇಕಲ್ಲ.