ಹತ್ತು ಟ್ರ್ಯಾಕ್, ಎರಡು ಚಾನೆಲ್: ಆಡಾಸಿಟಿಯಲ್ಲಿ ಹಲವು ವರ್ಷಗಳ ಮಿಕ್ಸಿಂಗ್

ಭಾವಗೀತೆ, ದೇವರನಾಮ, ಭಜನೆಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡುವವರಿಗೆ ಆಡಾಸಿಟಿ ಎಂಬ ಆಡಿಯೊ ತಂತ್ರಾಂಶ ಸಾಕಾಗುತ್ತದಾ ಅಂತ ಹಾಡುವ ಗೆಳೆಯರು ಆಗಾಗ ಕೇಳುತ್ತಾರೆ. ಸಾಕಾಗುತ್ತದೆ. ಆದರೆ ಬಿಡಿಬಿಡಿ ಟ್ರ್ಯಾಕ್‌ಗಳು ಒಂದು ಸ್ಟೀರಿಯೊ ಫೈಲ್ ಆಗುವಾಗ ಒಳಗೆ ಏನು ನಡೆಯುತ್ತದೆ ಅನ್ನೋದು ಗೊತ್ತಿರಬೇಕು. ಇಲ್ಲದಿದ್ದರೆ ಎಷ್ಟೇ ಚೆನ್ನಾಗಿ ಹಾಡಿದರೂ ಹೊರಬರುವ ಫೈಲ್ ಒಡೆದ ಸದ್ದು ಮಾಡುತ್ತದೆ. ನಾನು ಇದನ್ನು 2ನೇ ಆವೃತ್ತಿಯ ಕಾಲದಿಂದ ಬಳಸುತ್ತಿದ್ದೇನೆ. ಇಲ್ಲಿ ಬರೆಯುವುದು ಹೆಚ್ಚಾಗಿ ಮಿಕ್ಸಿಂಗ್ ಬಗ್ಗೆ. ಕತ್ತರಿಸುವುದು, ಅಂಟಿಸುವುದು ಎಲ್ಲರಿಗೂ ಬೇಗ ಕೈಗೆ ಹತ್ತುತ್ತದೆ, ಅದನ್ನು ಬಿಡುತ್ತೇನೆ.

ಹೊಸಬರಿಗೆ ಎರಡು ಮಾತು. ಆಡಾಸಿಟಿ ಶುರುವಾಗಿದ್ದು 1999ರಲ್ಲಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ. ಮಾಡಿದವರು ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್. 2000ದಲ್ಲಿ ಎಲ್ಲರಿಗೂ ಸಿಕ್ಕಿತು. 2021ರಲ್ಲಿ ಮ್ಯೂಸ್ ಗ್ರೂಪ್ ಕೈಗೆ ಹೋಯಿತು. ಈಗಲೂ ಉಚಿತ, ಈಗಲೂ ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ನನ್ನ ಒಂದು ಹಾಡಿನಲ್ಲಿ ಸಾಮಾನ್ಯವಾಗಿ ಎಂಟು ಹತ್ತು ಟ್ರ್ಯಾಕ್ ಇರುತ್ತವೆ. ಮುಖ್ಯ ದನಿ, ಕೋರಸ್‌ಗೆ ಎರಡು, ಹಾರ್ಮೋನಿಯಂ, ಕೊಳಲು, ತಬಲಾಕ್ಕೆ ಒಂದು ಮೈಕು, ಡಗ್ಗಾಕ್ಕೆ ಇನ್ನೊಂದು, ತಂಬೂರಿ, ತಾಳ. ಇವೆಲ್ಲ ಕೊನೆಗೆ ಎಡ, ಬಲ ಎಂಬ ಎರಡೇ ಚಾನೆಲ್‌ಗೆ ಇಳಿಯಬೇಕು. ಆಡಾಸಿಟಿ ಇಲ್ಲಿ ಮಾಡುವುದು ಬರೀ ಕೂಡುವ ಲೆಕ್ಕ. ಒಂದೊಂದು ಕ್ಷಣದಲ್ಲೂ ಎಲ್ಲ ಟ್ರ್ಯಾಕ್‌ಗಳ ಅಲೆಗಳನ್ನು ಕೂಡಿಸುತ್ತದೆ, ಅಷ್ಟೇ. ಒಂದೇ ಸದ್ದು ಇರುವ ಎರಡು ಟ್ರ್ಯಾಕ್ ಕೂಡಿದರೆ ಮಟ್ಟ 6 ಡೆಸಿಬಲ್ ಏರುತ್ತದೆ. ಬೇರೆ ಬೇರೆ ಸದ್ದಾದರೆ, ಎರಡೂ ಒಂದೇ ಮಟ್ಟದಲ್ಲಿದ್ದಾಗ, ಸುಮಾರು 3 ಡೆಸಿಬಲ್. ಹೀಗೆ ಹತ್ತು ಸೇರಿದಾಗ ಒಟ್ಟು ಮೊತ್ತ 0 ಡೆಸಿಬಲ್, ಅಂದರೆ ಫೈಲು ಹಿಡಿಯಬಲ್ಲ ಗರಿಷ್ಠ ಮಟ್ಟ, ದಾಟುವುದು ಸಹಜ. ಪ್ರತಿ ಟ್ರ್ಯಾಕನ್ನೂ ಬಿಡಿಯಾಗಿ ಕೇಳಿದಾಗ ಸರಿಯಾಗೇ ಇರುತ್ತದೆ. ಎಲ್ಲ ಒಟ್ಟಿಗೆ ಬಂದಾಗ ಮೀಟರ್ ಕೆಂಪಾಗುತ್ತದೆ. ಇದು ಸಾಫ್ಟ್‌ವೇರ್‌ನ ತಪ್ಪಲ್ಲ.

ಇದರಲ್ಲೊಂದು ಸಮಾಧಾನದ ವಿಷಯ ಇದೆ. ಆಡಾಸಿಟಿ ಒಳಗೆ 32 ಬಿಟ್ ಫ್ಲೋಟ್‌ನಲ್ಲಿ ಕೆಲಸ ಮಾಡುತ್ತದೆ. ಅಂದರೆ 0 ದಾಟಿದ ಸದ್ದು ಒಳಗೆ ಹಾಗೇ ಉಳಿದಿರುತ್ತದೆ, ಮಟ್ಟ ಇಳಿಸಿದರೆ ಪೂರ್ತಿ ವಾಪಸ್ ಬರುತ್ತದೆ. ಅಲೆಯ ತಲೆ ಕತ್ತರಿಸಿ ಹೋಗುವುದು 16 ಬಿಟ್ ವೇವ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿದಾಗ. ರೆಕಾರ್ಡ್ ಮಾಡುವಾಗಲೇ ಮೈಕಿನ ಗೇನ್ ಜಾಸ್ತಿಯಾಗಿ ಒಡೆದಿದ್ದರೆ ಮಾತ್ರ ಏನು ಮಾಡಿದರೂ ಸರಿಹೋಗದು. ಹಾಗಾಗಿ ರೆಕಾರ್ಡಿಂಗ್‌ನಲ್ಲಿ ಅತಿ ಜೋರಿನ ಜಾಗವೂ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲೇ ಇರಲಿ ಅನ್ನೋದು ನನ್ನ ಪದ್ಧತಿ. ಮಿಕ್ಸ್‌ನಲ್ಲಿ ಮೊದಲು ಎಲ್ಲ ಟ್ರ್ಯಾಕ್ ಇಳಿಸಿ, ಮುಖ್ಯ ದನಿಯನ್ನು ಇಟ್ಟುಕೊಂಡು, ಅದರ ಸುತ್ತ ಒಂದೊಂದನ್ನೇ ಏರಿಸುತ್ತೇನೆ. ಇನ್ನೊಂದು ವಿಷಯ ನೆನಪಿರಲಿ. ಮೇಲೆ ಕಾಣುವ ಪ್ಲೇಬ್ಯಾಕ್ ಸ್ಲೈಡರ್ ನಾವು ಕೇಳುವುದಕ್ಕಷ್ಟೇ. ಅದನ್ನು ಇಳಿಸಿದರೆ ಫೈಲಿನ ಮಟ್ಟ ಇಳಿಯುವುದಿಲ್ಲ.

ನನ್ನ ಬಳಿ ಅತಿ ಹೆಚ್ಚು ಬರುವ ದೂರು, ‘ದನಿ ಎಡಕಿವಿಯಲ್ಲಿ ಮಾತ್ರ ಕೇಳುತ್ತಿದೆ’ ಅನ್ನೋದು. ಎರಡು ಇನ್‌ಪುಟ್ ಇರುವ ಇಂಟರ್‌ಫೇಸ್‌ಗೆ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಒಂದೇ ಮೈಕು ಹಾಕಿ ಸ್ಟೀರಿಯೊದಲ್ಲಿ ರೆಕಾರ್ಡ್ ಮಾಡಿದರೆ ಹೀಗಾಗುತ್ತದೆ. ಎಡ ಚಾನೆಲ್‌ನಲ್ಲಿ ದನಿ, ಬಲದಲ್ಲಿ ಏನೂ ಇಲ್ಲ. ಟ್ರ್ಯಾಕಿನ ಮೆನುವಿನಲ್ಲಿ ‘ಸ್ಪ್ಲಿಟ್ ಸ್ಟೀರಿಯೊ ಟು ಮೊನೊ’ ಕೊಟ್ಟು ಖಾಲಿ ಇರುವುದನ್ನು ಅಳಿಸಿ. ಉಳಿದ ಮೊನೊ, ಅಂದರೆ ಒಂದೇ ಚಾನೆಲ್‌ನ ಟ್ರ್ಯಾಕಿನ ಪ್ಯಾನ್ (ಸದ್ದನ್ನು ಎಡಕ್ಕೆ, ಬಲಕ್ಕೆ ಸರಿಸುವ ಸ್ಲೈಡರ್) ನಡುವಿನಲ್ಲಿದ್ದರೆ ಎರಡೂ ಕಿವಿಗೆ ಸಮವಾಗಿ ಬರುತ್ತದೆ. ಒಬ್ಬರ ದನಿಗೆ, ಒಂದು ಕೊಳಲಿಗೆ ಸ್ಟೀರಿಯೊ ಟ್ರ್ಯಾಕ್ ಬೇಕಾಗಿಲ್ಲ. ಒಟ್ಟು ಮಿಕ್ಸ್ ಸ್ಟೀರಿಯೊ ಆಗುವುದು ಪ್ಯಾನ್‌ನಿಂದ.

ಪ್ಯಾನ್ ಕೆಲಸ ನನಗೆ ತುಂಬಾ ಇಷ್ಟ. ದನಿ ನಡುವೆ. ಡಗ್ಗಾದ ಗುಂಯ್ ಎನ್ನುವ ತಗ್ಗು ಸ್ವರವೂ ನಡುವೆ, ಅದನ್ನು ಪಕ್ಕಕ್ಕೆ ತಳ್ಳಿದರೆ ಹಾಡೇ ಒಂದು ಕಡೆ ವಾಲಿದಂತೆ ಕೇಳುತ್ತದೆ. ತಬಲಾ ಸ್ವಲ್ಪ ಬಲಕ್ಕೆ. ಹಾರ್ಮೋನಿಯಂ ಬಲಕ್ಕೆ 30ರಷ್ಟು, ಕೊಳಲು ಎಡಕ್ಕೆ ಅಷ್ಟೇ. ಹಾರ್ಮೋನಿಯಂ ಮತ್ತು ಹೆಣ್ಣುದನಿ ಒಂದೇ ಸ್ವರಮಟ್ಟದಲ್ಲಿ ಓಡಾಡುವುದರಿಂದ ಎರಡನ್ನೂ ನಡುವೆ ಇಟ್ಟರೆ ಸಾಹಿತ್ಯ ಮಸುಕಾಗುತ್ತದೆ. ಹಾರ್ಮೋನಿಯಂ ಪಕ್ಕಕ್ಕೆ ಸರಿಸಿದ ಕೂಡಲೇ ‘ಳ’, ‘ಲ’ ಎರಡೂ ಬೇರೆ ಬೇರೆಯಾಗಿ ಕೇಳುತ್ತವೆ. ಕನ್ನಡ ಹಾಡಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೇನಿದೆ?

ಇಷ್ಟು ಮಾಡಿದ ಮೇಲೆ ಮೊನೊದಲ್ಲಿ ಕೇಳಲೇಬೇಕು. ಗಣೇಶನ ಪೆಂಡಾಲಿನ ಮೈಕ್‌ಸೆಟ್, ಅಡುಗೆಮನೆಯ ಪುಟ್ಟ ಬ್ಲೂಟೂತ್ ಸ್ಪೀಕರ್, ಹಳೆಯ ಮೊಬೈಲ್, ಹೆಚ್ಚಿನವು ಎರಡು ಚಾನೆಲನ್ನೂ ಒಂದು ಮಾಡಿಯೇ ನುಡಿಸುತ್ತವೆ. ತಬಲಾ, ಡಗ್ಗಾದ ಎರಡು ಮೈಕುಗಳ ಅಲೆ ಒಂದಕ್ಕೊಂದು ಎದುರಾಗಿದ್ದರೆ ಆಗ ಪೆಟ್ಟು ತೆಳ್ಳಗಾಗುತ್ತದೆ. ಒಂದು ಟ್ರ್ಯಾಕಿಗೆ ಅಲೆಯನ್ನು ತಲೆಕೆಳಗು ಮಾಡುವ ‘ಇನ್ವರ್ಟ್’ ಹಾಕಿ ನೋಡಿ, ಯಾವಾಗ ದಪ್ಪಗೆ ಕೇಳುತ್ತದೋ ಹಾಗೆ ಬಿಡಿ. ಒಂದು ಗುಂಡಿ ಒತ್ತಿ ಇಡೀ ಮಿಕ್ಸನ್ನು ಮೊನೊದಲ್ಲಿ ಕೇಳುವ ಅನುಕೂಲ ಆಡಾಸಿಟಿಯಲ್ಲಿ ಇಲ್ಲ. ಇರಬೇಕಿತ್ತು. ನಾನು ಎಲ್ಲವನ್ನೂ ಕೂಡಿಸಿ ಹೊಸ ಟ್ರ್ಯಾಕಿಗೆ ರೆಂಡರ್ ಮಾಡಿ, ಅದನ್ನು ಮೊನೊ ಮಾಡಿ, ಸೋಲೊದಲ್ಲಿ (ಅದೊಂದನ್ನೇ) ಕೇಳಿ, ಆಮೇಲೆ ಅಳಿಸುತ್ತೇನೆ. ಮೊನೊ ದನಿಯ ನಕಲು ತೆಗೆದು ಸ್ವಲ್ಪ ತಡಮಾಡಿ ಇನ್ನೊಂದು ಕಿವಿಗೆ ಹಾಕಿದರೆ ಅಗಲವಾಗಿ ಕೇಳುತ್ತದೆ ಅಂತ ಕೆಲವರು ಹೇಳಿಕೊಡುತ್ತಾರೆ. ಹೆಡ್‌ಫೋನ್‌ನಲ್ಲಿ ಹೌದು. ಮೊನೊದಲ್ಲಿ ಅದೇ ದನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಮುಖ್ಯ ದನಿಗೆ ಇದನ್ನು ಮಾಡಲೇಬೇಡಿ.

‘ಮಿಕ್ಸ್ ಅಂಡ್ ರೆಂಡರ್’ ಬಗ್ಗೆ ಎಚ್ಚರಿಕೆ ಬೇಕು. ಇದು ಆರಿಸಿದ ಟ್ರ್ಯಾಕ್‌ಗಳನ್ನೆಲ್ಲ ಕೂಡಿಸಿ ಒಂದೇ ಮಾಡುತ್ತದೆ, ಹಳೆಯವು ಹೋಗುತ್ತವೆ. ಪ್ಯಾನ್, ಮಟ್ಟ, ಎಫೆಕ್ಟ್ ಎಲ್ಲ ಅದರೊಳಗೆ ಬೆರೆತುಹೋಗುತ್ತವೆ. ತಕ್ಷಣ ಅನ್‌ಡೂ ಮಾಡಬಹುದು. ಪ್ರಾಜೆಕ್ಟ್ ಉಳಿಸಿ ಮುಚ್ಚಿದ ಮೇಲೆ ಅನ್‌ಡೂ ಇರುವುದಿಲ್ಲ. ಕಲಸಿದ ಅನ್ನದಿಂದ ಸಾರನ್ನು ಮತ್ತೆ ಬೇರೆ ಮಾಡಲು ಆಗುತ್ತದಾ? ‘ಮಿಕ್ಸ್ ಅಂಡ್ ರೆಂಡರ್ ಟು ನ್ಯೂ ಟ್ರ್ಯಾಕ್’ ಬಳಸಿ, ಮೂಲ ಟ್ರ್ಯಾಕ್‌ಗಳು ಹಾಗೇ ಉಳಿಯುತ್ತವೆ. ನಿಜ ಹೇಳಬೇಕೆಂದರೆ ಬರೀ ಫೈಲ್ ತೆಗೆಯುವುದಕ್ಕೆ ಎರಡೂ ಬೇಕಿಲ್ಲ. ಎಕ್ಸ್‌ಪೋರ್ಟ್ ಕೊಟ್ಟರೆ ಅದೇ ಎಲ್ಲವನ್ನೂ ಕೂಡಿಸಿ ಫೈಲ್ ಮಾಡುತ್ತದೆ, ಪ್ರಾಜೆಕ್ಟ್ ಮುಟ್ಟುವುದಿಲ್ಲ.

ಎಕ್ಸ್‌ಪೋರ್ಟ್‌ನಲ್ಲಿ ಮ್ಯೂಟ್ ಆದ ಟ್ರ್ಯಾಕ್ ಸೇರುವುದಿಲ್ಲ. ಸೋಲೊ ಒತ್ತಿದ್ದರೆ ಅದೊಂದೇ ಬರುತ್ತದೆ. ಇದರಿಂದ ದೊಡ್ಡ ಉಪಯೋಗ ಇದೆ. ದನಿ ಮ್ಯೂಟ್ ಮಾಡಿ ಎಕ್ಸ್‌ಪೋರ್ಟ್ ಮಾಡಿದರೆ ಕರೋಕೆ ಸಿದ್ಧ. ದನಿ ಮತ್ತು ತಂಬೂರಿ ಮಾತ್ರ ಬಿಟ್ಟರೆ ಕಲಿಯುವ ಮಕ್ಕಳಿಗೆ ಪಾಠದ ಫೈಲ್. 3.4ರಿಂದ ಎಕ್ಸ್‌ಪೋರ್ಟ್ ಕಿಟಕಿ ಹೊಸದಾಗಿದೆ, ಮೊನೊ ಬೇಕಾ ಸ್ಟೀರಿಯೊ ಬೇಕಾ ಅಂತ ಅಲ್ಲೇ ಆರಿಸಬಹುದು. ಒಮ್ಮೆ ಕಣ್ಣಾಡಿಸಿಯೇ ಒತ್ತಿ.

ಇಷ್ಟು ವರ್ಷದಲ್ಲಿ ಬಂದ ಬದಲಾವಣೆಗಳಲ್ಲಿ ನನಗೆ ಅತಿ ದೊಡ್ಡದು ಅನಿಸಿದ್ದು 2022ರ 3.2 ಆವೃತ್ತಿ. ಅದಕ್ಕೂ ಮೊದಲು ದನಿಗೆ ರಿವರ್ಬ್ (ಕೋಣೆಯ ಮಾರ್ದನಿಯಂಥ ಎಫೆಕ್ಟ್) ಹಾಕಿದರೆ ಅದು ಟ್ರ್ಯಾಕಿನೊಳಗೇ ಕೂರುತ್ತಿತ್ತು. ಪಕ್ಕವಾದ್ಯದ ಜೊತೆ ಕೇಳಿ ‘ಜಾಸ್ತಿಯಾಯ್ತು’ ಅನಿಸಿದರೆ ಅನ್‌ಡೂ, ಮತ್ತೆ ಹಾಕು, ಮತ್ತೆ ಕೇಳು. ಮಿಕ್ಸಿಂಗ್ ಅನ್ನೋದೇ ಹೋಲಿಸಿ ಕೇಳುವ ಕೆಲಸ, ಅಲ್ವಾ? ಆ ಕೆಲಸಕ್ಕೇ ಅಡ್ಡಿಯಾಗಿತ್ತು. ಈಗ ಪ್ರತಿ ಟ್ರ್ಯಾಕಿಗೂ ಎಫೆಕ್ಟ್ಸ್ ಗುಂಡಿ ಇದೆ. ಹಾಡು ಓಡುತ್ತಿರುವಾಗಲೇ ರಿವರ್ಬ್ ಏರಿಸಿ ಇಳಿಸಬಹುದು, ಆಫ್ ಮಾಡಿ ಹೋಲಿಸಬಹುದು. ಹೊರಗಿನಿಂದ ಸೇರಿಸುವ ವಿಎಸ್‌ಟಿ3 ಪ್ಲಗಿನ್‌ಗಳೂ ನಡೆಯುತ್ತವೆ. ಎಲ್ಲ ಎಫೆಕ್ಟ್‌ಗೂ ಈ ಸೌಲಭ್ಯ ಇಲ್ಲ. ಫ್ಯಾನಿನ ಸದ್ದು ತೆಗೆಯುವ ‘ನಾಯ್ಸ್ ರಿಡಕ್ಷನ್’ ಈಗಲೂ ಹಳೆಯ ರೀತಿಯಲ್ಲೇ. 2024ರ 3.6ರಲ್ಲಿ ಇಡೀ ಮಿಕ್ಸ್‌ಗೆ ಅನ್ವಯವಾಗುವ ಮಾಸ್ಟರ್ ಎಫೆಕ್ಟ್, ಹೊಸ ಕಂಪ್ರೆಸರ್ (ಏರಿಳಿತ ತಗ್ಗಿಸುವುದು), ಲಿಮಿಟರ್ (ಮಟ್ಟ ಒಂದು ಮಿತಿ ದಾಟದಂತೆ ತಡೆಯುವುದು) ಬಂದವು. ಕೊನೆಯಲ್ಲಿ ಒಂದು ಲಿಮಿಟರ್ ಹಾಕಿ ಮೈನಸ್ 1 ಡೆಸಿಬಲ್‌ಗೆ ನಿಲ್ಲಿಸುವುದು ಈಗ ಸುಲಭ.

ದನಿಯ ಏರಿಳಿತಕ್ಕೆ ನಾನು ನೆಚ್ಚಿಕೊಂಡಿರುವುದು ಎನ್ವಲಪ್ ಟೂಲ್. ಪಲ್ಲವಿಯಲ್ಲಿ ತುಂಬಿ ಬರುವ ದನಿ ಚರಣದ ಮಂದ್ರದಲ್ಲಿ ಕುಗ್ಗುತ್ತದೆ. ಆ ಸಾಲನ್ನು ಮಾತ್ರ ಕೈಯಾರೆ 2 ಡೆಸಿಬಲ್ ಎತ್ತಬಹುದು. ನಿಧಾನದ ಕೆಲಸ, ಆದರೆ ಕಂಪ್ರೆಸರ್‌ಗಿಂತ ಹೆಚ್ಚು ಸಹಜವಾಗಿ ಕೇಳುತ್ತದೆ. ಮಟ್ಟಕ್ಕೆ ಎನ್ವಲಪ್ ಇದ್ದಂತೆ ಪ್ಯಾನ್‌ಗೆ ಇಲ್ಲ.

ಇಲ್ಲದ್ದರ ಪಟ್ಟಿಯಲ್ಲಿ ನನಗೆ ನಿಜವಾಗಿ ಕೊರತೆ ಅನಿಸುವುದು ಗ್ರೂಪ್ ಬಸ್, ಅಂದರೆ ಹಲವು ಟ್ರ್ಯಾಕ್‌ಗಳನ್ನು ಒಟ್ಟಿಗೆ ಹಾಯಿಸುವ ಒಂದೇ ದಾರಿ. ಮುಖ್ಯ ದನಿಗೂ ಕೋರಸ್‌ಗೂ ಒಂದೇ ರಿವರ್ಬ್ ಕಳಿಸಿ ಒಂದೇ ಕೋಣೆಯಲ್ಲಿ ಹಾಡಿದಂತೆ ಮಾಡಲು ಆಗದು. ಮೂರು ಟ್ರ್ಯಾಕಿಗೂ ಬೇರೆ ಬೇರೆ ರಿವರ್ಬ್ ಹಾಕಿ ಒಂದೇ ಅಳತೆ ಕೊಡಬೇಕು. ಹಳೆಯ ಲ್ಯಾಪ್‌ಟಾಪ್‌ಗೆ ಇದು ಭಾರ. ಸಂಗೀತದ ಕೀಬೋರ್ಡ್‌ನಿಂದ ಮಿಡಿ (ಯಾವ ಸ್ವರ ಯಾವಾಗ ಒತ್ತಿದಿರಿ ಎಂಬ ಮಾಹಿತಿ) ರೆಕಾರ್ಡ್ ಮಾಡಿ ವಾದ್ಯ ನುಡಿಸುವುದೂ ಇಲ್ಲಿ ಇಲ್ಲ. ಅದು ಬೇಕಾದವರಿಗೆ ರೀಪರ್ (Reaper) ಅಥವಾ ಆರ್ಡರ್ (Ardour) ಎಂಬ ತಂತ್ರಾಂಶಗಳು ಸರಿ. ರೀಪರ್‌ಗೆ 60 ದಿನದ ಪರೀಕ್ಷೆಯ ಅವಧಿ ಇದೆ, ಆಮೇಲೆ ದುಡ್ಡು ಕೊಡಬೇಕು.

ಟ್ರ್ಯಾಕ್ ಮೇಲೆ ಟ್ರ್ಯಾಕ್ ಹಾಡುವವರು ಮೊದಲು ಲೇಟೆನ್ಸಿ, ಅಂದರೆ ಸದ್ದು ಕಂಪ್ಯೂಟರಿನೊಳಗೆ ಹೋಗಿ ಬರುವ ತಡ, ಸರಿಮಾಡಿಕೊಳ್ಳಿ. ಆಡಾಸಿಟಿ ಮೈನಸ್ 130 ಮಿಲಿಸೆಕೆಂಡ್ ಎಂಬ ಅಂದಾಜಿನಿಂದ ಶುರುಮಾಡುತ್ತದೆ. ನಿಮ್ಮ ಕಂಪ್ಯೂಟರಿಗೆ ಅದು ಹೊಂದದೇ ಇರಬಹುದು. ತಾಳದ ಸದ್ದು ನುಡಿಸಿ, ಅದನ್ನೇ ಮೈಕಿನಲ್ಲಿ ಹಿಡಿದು, ಎರಡರ ನಡುವಿನ ಅಂತರ ಅಳೆದು ಆ ಸಂಖ್ಯೆ ತಿದ್ದಿ. ತಬಲಾ ಕೂದಲೆಳೆಯಷ್ಟು ಹಿಂದೆ ಬಿದ್ದರೂ ಯಾವ ಮಿಕ್ಸಿಂಗೂ ಅದನ್ನು ಮುಚ್ಚದು. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ರೆಕಾರ್ಡಿಂಗ್ ಬೇಡ.

ಇಂಟರ್‌ನೆಟ್ಟಿಗೆ ಹಾಕುವ ಹಾಡಿಗೆ ‘ಲೌಡ್‌ನೆಸ್ ನಾರ್ಮಲೈಸೇಶನ್’ ಒಳ್ಳೆಯದು. ಅದರಲ್ಲಿ ಮೊದಲೇ ಇರುವ ಅಳತೆ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ), ಅದು ಯುರೋಪಿನ ಪ್ರಸಾರದ ಅಳತೆ. ಸ್ಪಾಟಿಫೈ ಇಟ್ಟುಕೊಂಡಿರುವುದು ಮೈನಸ್ 14. ನಾನು ಮೈನಸ್ 16ಕ್ಕೆ ನಿಲ್ಲಿಸುತ್ತೇನೆ, ಭಾವಗೀತೆಗೆ ಅಷ್ಟು ಉಸಿರಾಟ ಬೇಕು. ಮೊದಲು ವೇವ್ ತೆಗೆದಿಟ್ಟು ಆಮೇಲೆ ಅದರಿಂದ ಎಂಪಿ3.

ಸ್ಟುಡಿಯೊದವರಿಗೆ ಮಿಕ್ಸಿಂಗ್ ಕೊಡುವುದಾದರೆ ಸ್ಟೀರಿಯೊ ಫೈಲ್ ಕಳಿಸಬೇಡಿ. ಎಕ್ಸ್‌ಪೋರ್ಟ್‌ನಲ್ಲಿ ಒಂದೊಂದು ಟ್ರ್ಯಾಕನ್ನೂ ಬೇರೆ ವೇವ್ ಫೈಲ್ ಮಾಡುವ ಆಯ್ಕೆ ಇದೆ, ಅದನ್ನು ಕೊಡಿ. ಅಲ್ಲೇ, ಮೊದಲ ಕ್ಲಿಪ್‌ಗೂ ಮುಂಚಿನ ಖಾಲಿ ಜಾಗ ಕತ್ತರಿಸುವ ಟಿಕ್ ಇದ್ದರೆ ತೆಗೆಯಿರಿ. ಆಗ ಎರಡನೇ ಚರಣಕ್ಕೆ ಶುರುವಾಗುವ ಕೊಳಲು ಅವರ ಕಂಪ್ಯೂಟರಿನಲ್ಲೂ ಎರಡನೇ ಚರಣಕ್ಕೇ ಬರುತ್ತದೆ.