ಅತ್ತೆಯ ಕ್ಯಾಸೆಟ್ಟು, ಮೂರು ಯಂತ್ರ

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ಅಟ್ಟದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಕ್ಯಾಸೆಟ್ ಸಿಕ್ಕವು. ಹೆಚ್ಚಿನವು ನಮ್ಮ ಸೋದರತ್ತೆ ಹಾಡಿದ ದಾಸರ ಪದಗಳು. 1988ರ ಆಸುಪಾಸಿನಲ್ಲಿ ಮನೆಯಲ್ಲೇ ರೆಕಾರ್ಡ್ ಮಾಡಿದ್ದು. ಇನ್ನು ಕೆಲವು ಧಾರವಾಡ ಆಕಾಶವಾಣಿಯಿಂದ ಹಿಡಿದವು. ರೇಡಿಯೋದ ಮುಂದೆ ರೆಕಾರ್ಡರ್ ಇಟ್ಟು ಬಟನ್ ಒತ್ತುತ್ತಿದ್ದ ಕಾಲ. ಮಲ್ಲಿಕಾರ್ಜುನ ಮನ್ಸೂರರ ಆಲಾಪದ ನಡುವೆ ನಮ್ಮ ಮನೆಯ ಕುಕ್ಕರ್ ಎರಡು ಸಲ ಸೀಟಿ ಹೊಡೆಯುತ್ತದೆ.

ಇವನ್ನು ಕಂಪ್ಯೂಟರಿಗೆ ಇಳಿಸಬೇಕಿತ್ತು. ಕೈಯಲ್ಲಿ ಮೂರು ದಾರಿ. ಒಂದು, ಆನ್‌ಲೈನಿನಲ್ಲಿ 1,600 ರೂಪಾಯಿಗೆ ತರಿಸಿದ ಹೊಸ ಯುಎಸ್‌ಬಿ ಪ್ಲೇಯರ್. ಎರಡು, ಕಾಕಾ ದುಬೈಯಿಂದ ತಂದಿದ್ದ ಸೋನಿ ಡಬ್ಲ್ಯೂಎಂ-ಡಿ6ಸಿ, ರೆಕಾರ್ಡ್ ಕೂಡ ಮಾಡುವ ವಾಕ್‌ಮನ್. ಮೂರು, ಅಪ್ಪನ ಹಳೆಯ ಚಪ್ಪಟೆ ಮೋನೋ ರೆಕಾರ್ಡರ್. ಅದೇ, ಪಿಯಾನೋ ಮನೆಗಳಂಥ ಬಟನ್ನು, ಮುಂದೆ ಹಿಡಿಕೆ. ಮೇಲಿನ ಕಂಪನಿ ಹೆಸರು ಯಾವಾಗಲೋ ಅಳಿಸಿಹೋಗಿದೆ.

ಯುಎಸ್‌ಬಿ ಪ್ಲೇಯರಿನ ಕಥೆ ಬೇಗ ಮುಗಿಯಿತು. ದನಿ ನೀರಿನ ಮೇಲೆ ತೇಲಿದ ಹಾಗೆ ಅಲುಗುತ್ತಿತ್ತು. ಎರಡನೇ ದಿನ ಒಂದು ಕ್ಯಾಸೆಟ್ಟಿನ ಟೇಪನ್ನೇ ನುಂಗಿತು. ಪೆನ್ಸಿಲ್ ಹಾಕಿ ಸುತ್ತಿ ಉಳಿಸಿಕೊಂಡೆ. ಪುಣ್ಯಕ್ಕೆ ಅದು ಅತ್ತೆಯದಲ್ಲ.

ಉಳಿದ ಎರಡಕ್ಕೂ ಮೊದಲು ರಿಪೇರಿ ಬೇಕಿತ್ತು. ಎರಡರಲ್ಲೂ ಮೋಟಾರಿನ ತಿರುಗಾಟವನ್ನು ಚಕ್ರಗಳಿಗೆ (ಪುಲ್ಲಿ) ಮುಟ್ಟಿಸುವ ರಬ್ಬರ್ ಬೆಲ್ಟ್ ಹೋಗಿತ್ತು. ಅಷ್ಟು ಹಳೆಯ ರಬ್ಬರಿನ ಮೇಲೆ ಯಾರಿಗೆ ಅಂತ ದೂರು ಹೇಳುವುದು? ಮೋನೋದ್ದು ಕರಗಿ ಡಾಂಬರಿನ ಹಾಗೆ ಪುಲ್ಲಿಗೆ ಅಂಟಿತ್ತು. ಬೆರಳಿಗೆ ತಾಗಿದರೆ ಮೂರು ದಿನ ಹೋಗುವುದಿಲ್ಲ. ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ನೀರು ಜಾಸ್ತಿ. 99% ಐಸೊಪ್ರೊಪೈಲ್ ಆಲ್ಕೋಹಾಲ್ ತಂದು, ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಒರೆಸಿದೆ. ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು.

ಬೆಲ್ಟಿನ ಅಳತೆಗೆ ಪುಲ್ಲಿಗಳ ಸುತ್ತ ಹೊಲಿಗೆ ದಾರ ಸುತ್ತಿ, ಆ ಉದ್ದಕ್ಕಿಂತ ಸ್ವಲ್ಪ ಚಿಕ್ಕದನ್ನು ಕೊಳ್ಳಬೇಕು. ನಾನು ಮೊದಲು ಅವಸರಕ್ಕೆ ಹಣ ಕಟ್ಟುವ ರಬ್ಬರ್ ಬ್ಯಾಂಡ್ ಹಾಕಿ ನೋಡಿದ್ದೆ. ತಂಬೂರಿ ಗುಂಯ್ ಅನ್ನುವ ಬದಲು ಊಳಿಡತೊಡಗಿತು. ಸೋನಿಯ ಬೆಲ್ಟ್ ಮತ್ತು ಕೆಪ್ಯಾಸಿಟರುಗಳನ್ನು ನಾನು ಮುಟ್ಟಲಿಲ್ಲ. ಹುಬ್ಬಳ್ಳಿ ದುರ್ಗದಬೈಲ್ ಹತ್ತಿರ ಹಳೇ ರೇಡಿಯೋ ರಿಪೇರಿ ಮಾಡುವವರಿಗೆ ಕೊಟ್ಟೆ. ಅಷ್ಟು ಸಣ್ಣ ಜಾಗದಲ್ಲಿ ಬೆಸುಗೆ ಹಾಕುವ ಕೈ ನನ್ನದಲ್ಲ.

ಈಗ ಪರೀಕ್ಷೆ. ಕ್ಯಾಸೆಟ್ ಓಡಬೇಕಾದ ವೇಗ ಸೆಕೆಂಡಿಗೆ 4.76 ಸೆಂ.ಮೀ. ಡಿ6ಸಿಯಲ್ಲಿ ಕ್ವಾರ್ಟ್ಸ್ ಹರಳು ಆ ವೇಗವನ್ನು ಹಿಡಿದಿಡುತ್ತದೆ. ಆದರೂ ಸುಮ್ನೆ ನಂಬಲಿಲ್ಲ. ಅಂಗಡಿಯಿಂದ ಕೊಂಡ ಒಂದು ರಾಗದ ಕ್ಯಾಸೆಟ್ ಹಾಕಿ, ಅದೇ ರೆಕಾರ್ಡಿಂಗಿನ ಡಿಜಿಟಲ್ ಪ್ರತಿಯ ಜೊತೆ ಗಡಿಯಾರ ಹಿಡಿದೆ. 22 ನಿಮಿಷಕ್ಕೆ 4 ಸೆಕೆಂಡು ವ್ಯತ್ಯಾಸ. ಸಾಕು. ಆಮೇಲೆ ಕಂಪ್ಯೂಟರಿನಿಂದ 3,150 ಹರ್ಟ್ಸ್ ಸದ್ದನ್ನು ಡಿ6ಸಿಯಲ್ಲಿ ರೆಕಾರ್ಡ್ ಮಾಡಿ, ಆ ಕ್ಯಾಸೆಟ್ಟನ್ನು ಮೋನೋದಲ್ಲಿ ಹಾಕಿದೆ. ಕಂಪ್ಯೂಟರ್ 3,245 ತೋರಿಸಿತು. ಅಂದರೆ ಅಪ್ಪನ ಯಂತ್ರ 3% ಜೋರಾಗಿ ಓಡುತ್ತದೆ. ಹಾರ್ಮೋನಿಯಂನಲ್ಲಿ ಕರಿ-ಬಿಳಿ ಎಲ್ಲ ಸೇರಿಸಿ ಒಂದು ಮನೆಯಿಂದ ಪಕ್ಕದ ಮನೆಗೆ ಶ್ರುತಿಯಲ್ಲಿ ಸುಮಾರು 6% ದೂರ. ಅದರಲ್ಲಿ ಅರ್ಧ.

ಅಂದಮೇಲೆ ಸೋನಿ ಗೆದ್ದಿತು ಅಂದುಕೊಂಡು, ಅತ್ತೆಯ ಕ್ಯಾಸೆಟ್ ಹಾಕಿ ಅಪ್ಪನನ್ನು ಕರೆದೆ. ಅಪ್ಪ ಅರ್ಧ ನಿಮಿಷ ಕೇಳಿದರು.

"ಇದು ಅಕ್ಕನ ದನಿ ಅಲ್ಲೋ. ನೆಗಡಿ ಆದವ್ರು ಹಾಡಿಧಂಗ ಅದ."

ಅದೇ ಕ್ಯಾಸೆಟ್ ಮೋನೋದಲ್ಲಿ ಹಾಕಿದೆ. ಗರಗರ ಇತ್ತು, ಹಿಂದೆ ಮೋಟಾರಿನ ಸದ್ದೂ ಇತ್ತು. ಅಪ್ಪ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

ಕಾರಣ ಹುಡುಕಲು ನನಗೆ ಎರಡು ದಿನ ಹಿಡಿಯಿತು. ಈ ಪದಗಳನ್ನು ರೆಕಾರ್ಡ್ ಮಾಡಿದ್ದೇ ಆ ಮೋನೋದಲ್ಲಿ. ಅದು ಆಗಲೂ ಜೋರಾಗಿಯೇ ಓಡುತ್ತಿತ್ತು. ಜೋರಾಗಿ ತುಂಬಿದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಶ್ರುತಿ ಇಳಿಯುತ್ತದೆ. ಅದೇ ತಪ್ಪು ವೇಗದಲ್ಲಿ ಓಡಿಸಿದರೆ ಸರಿಯಾಗುತ್ತದೆ. ಸಾಕ್ಷಿ ಮನೆಯಲ್ಲೇ ಇತ್ತು. ಅತ್ತೆಗೆ ಸಾಥ್ ಕೊಟ್ಟ ಹಾರ್ಮೋನಿಯಂ ಇನ್ನೂ ಇದೆ. ಅತ್ತೆ ಹಾಡುತ್ತಿದ್ದದ್ದು ಕಾಳಿ ನಾಲ್ಕರಲ್ಲಿ, ಅಂದರೆ ನಾಲ್ಕನೇ ಕರಿ ಮನೆಯ ಶ್ರುತಿಯಲ್ಲಿ. ಆ ಮನೆ ಒತ್ತಿ ಹಿಡಿದರೆ ಮೋನೋದ ಜೊತೆ ಕೂಡುತ್ತದೆ, ಸೋನಿಯ ಜೊತೆ ಕಚ್ಚಾಡುತ್ತದೆ.

ಇನ್ನೊಂದು ಕಾರಣ ಟೇಪಿಗೆ ಸದ್ದು ಬರೆಯುವ, ಓದುವ ಹೆಡ್ಡಿನ ವಾಲು, ರಿಪೇರಿಯವರ ಭಾಷೆಯಲ್ಲಿ ಅಜಿಮತ್. ಹೆಡ್ಡಿನ ಸಂದು ಟೇಪಿಗೆ ಲಂಬಕೋನದಲ್ಲಿ ನಿಲ್ಲಬೇಕು. ಮೋನೋದ್ದು ಕೂದಲೆಳೆಯಷ್ಟು ವಾಲಿದೆ. ವಾಲಿದ ಹೆಡ್ ಬರೆದದ್ದನ್ನು ನೆಟ್ಟಗಿನ ಹೆಡ್ ಓದಿದರೆ ಸೂಕ್ಷ್ಮ ಸದ್ದು ಸತ್ತುಹೋಗುತ್ತದೆ. ತಾಳದ ಕಿಣಿಕಿಣಿ, 'ಸ'ಕಾರ ಎಲ್ಲ ಕಂಬಳಿಯೊಳಗೆ. ನೆಗಡಿ ಅಂದರೆ ಇದೇ, ಅಲ್ವಾ?

ಹಾಗಾದರೆ ಮೋನೋದಿಂದಲೇ ಇಳಿಸಬಹುದಲ್ಲ? ನೋಡಿದೆ. ಟೇಪನ್ನು ಒತ್ತಿ ಎಳೆಯುವ ರಬ್ಬರ್ ಚಕ್ರ (ಪಿಂಚ್ ರೋಲರ್) ಗಟ್ಟಿಯಾಗಿದೆ, ಉದ್ದ ಸ್ವರ ಸಣ್ಣಗೆ ನಡುಗುತ್ತದೆ. ಅಡಾಪ್ಟರ್ ಹಾಕಿದರೆ ಹಮ್ ಬರುತ್ತದೆ. ಸೆಲ್ ಹಾಕಿದರೆ ಹಮ್ ಹೋಗುತ್ತದೆ, ನಡುಕ ಉಳಿಯುತ್ತದೆ.

ಕೊನೆಗೆ ಸೋನಿಯನ್ನೇ ಮೋನೋದ ದಾರಿಗೆ ತಂದೆ. ಡಿ6ಸಿಯಲ್ಲಿ ವೇಗ ಬದಲಿಸುವ ಸ್ಪೀಡ್ ಟ್ಯೂನ್ ಇದೆ. ಅಪ್ಪ ಹಾರ್ಮೋನಿಯಂನ ಕಾಳಿ ನಾಲ್ಕು ಒತ್ತಿ ಹಿಡಿದರು, ನಾನು ಎರಡೂ ಕೂಡುವವರೆಗೆ ತಿರುಗಿಸಿದೆ. ಹೆಡ್ಡಿನ ಸ್ಕ್ರೂ ಮೊದಲು ಎಲ್ಲಿತ್ತು ಅಂತ ಮಾರ್ಕರಿನಲ್ಲಿ ಗುರುತು ಹಾಕಿ, ಚೂರೇ ಚೂರು ತಿರುವಿದೆ. ಕಾಲು ಸುತ್ತು ಕೂಡ ಅಲ್ಲ. ಒಂದು ಜಾಗಕ್ಕೆ ಬಂದಾಗ ತಾಳ ಕಿಣ್ ಅಂತು. ಟೇಪಿನ ಸುಸ್ ಸದ್ದು ತಗ್ಗಿಸುವ ಡಾಲ್ಬಿ ಆಫ್ ಇರಲಿ. ಡಾಲ್ಬಿ ಇಲ್ಲದೆ ತುಂಬಿದ ಮನೆಯ ರೆಕಾರ್ಡಿಂಗಿಗೆ ಅದನ್ನು ಹಾಕಿದರೆ ಉಳಿದ ಸೂಕ್ಷ್ಮವೂ ಹೋಗುತ್ತದೆ.

ನಿಮ್ಮ ಡಬ್ಬಿಯಲ್ಲಿ ಬರೀ ಕಂಪನಿ ಕ್ಯಾಸೆಟ್ ಇದ್ದರೆ ಡಿ6ಸಿಯಂಥದ್ದನ್ನು ಹಾಗೇ ಬಳಸಿ, ಸ್ಕ್ರೂ ಮುಟ್ಟಬೇಡಿ. ಮನೆಯಲ್ಲಿ ತುಂಬಿದ ಕ್ಯಾಸೆಟ್ ಇದ್ದರೆ ತುಂಬಿದ ಯಂತ್ರವನ್ನು ಗುಜರಿಗೆ ಹಾಕಬೇಡಿ. ಅದು ಕೆಟ್ಟ ಸ್ಥಿತಿಯಲ್ಲಿದ್ದರೂ ದನಿ ಹೇಗಿರಬೇಕು ಅಂತ ತೋರಿಸಿಕೊಡುತ್ತದೆ. ಯುಎಸ್‌ಬಿ ಪ್ಲೇಯರ್ ಮಾತ್ರ ನೆಂಟರು ಕೇಳಿದರೂ ಕೊಡಬೇಡಿ.

ಹದಿನಾಲ್ಕರಲ್ಲಿ ಒಂಬತ್ತು ಇಳಿಸಿ ಆಗಿದೆ. ಒಂದೊಂದು ಕ್ಯಾಸೆಟ್ಟಿಗೂ ಅಪ್ಪ ಮತ್ತೆ ಹಾರ್ಮೋನಿಯಂ ಮುಂದೆ ಕೂರಬೇಕು. ಒಂಬತ್ತನೆಯದರಲ್ಲಿ ಅತ್ತೆ ಪದ ಅರ್ಧಕ್ಕೆ ನಿಲ್ಲಿಸಿ, "ಏ, ಹಾಲು ಉಕ್ಕತದ ನೋಡು" ಅನ್ನುತ್ತಾಳೆ. ಅದನ್ನು ಕತ್ತರಿಸಬೇಡ ಅಂದಿದ್ದಾರೆ ಅಪ್ಪ.